ಫಿರಂಗಿ ಗುಂಡಿಯ ಬೋರ್ಡು

ಎಲ್ಲಕ್ಕೂ ಮೂಲ ಎಡ್ವಿನ್ ಹೆಸ್ಲಪ್ ತನ್ನ ಕೈಯಾರೆ ಬರೆದು ನೆಟ್ಟ ಬೋರ್ಡು. 'ಎಚ್ಚರಿಕೆ! ಒಳಗೆ ಸಿಡಿಯದ ಮದ್ದುಗುಂಡಿದೆ.' ಶುದ್ಧ ಸುಳ್ಳು. ಒಳಗಿದ್ದದ್ದು ಲೀಕ್ ಗಿಡಗಳು.

ಈರುಳ್ಳಿಯ ದಾಯಾದಿಯಾದ ಲೀಕನ್ನು ಇಂಗ್ಲೆಂಡಿನ ಟೀಸ್ ನದಿ ದಡದ ಆ ಉಕ್ಕಿನ ಕಾರ್ಖಾನೆಯ ಊರಿನವರು ತಿನ್ನುವುದಕ್ಕಿಂತ ಹೆಚ್ಚಾಗಿ ಮೆರೆಸುತ್ತಾರೆ. ಸೆಪ್ಟೆಂಬರಿನ ಕ್ಲಬ್ ಪ್ರದರ್ಶನದಲ್ಲಿ ಯಾರ ಲೀಕ್ ದಪ್ಪವೋ ಅವನೇ ವರ್ಷವಿಡೀ ದೊರೆ. ಪ್ರದರ್ಶನದ ಮುಂಚೆ ಒಬ್ಬರ ಗಿಡವನ್ನು ಇನ್ನೊಬ್ಬರು ಕದ್ದು ಕೊಚ್ಚುವುದೂ ಅಲ್ಲಿನ ಸಂಪ್ರದಾಯವೇ. ಎರಡು ವರ್ಷದ ಕೆಳಗೆ ಎಡ್ವಿನ್ನನ ಗಿಡಗಳಿಗೆ ಆ ಗತಿಯಾಗಿತ್ತು. ಕೆಲವು ಬುಡಸಮೇತ ಮಾಯವಾಗಿದ್ದವು. ಅವನ ತಾಯಿ ಬೆಳೆಸಿದ ತಳಿ ಅದು, ಎಲೆಯ ಬುಡದಲ್ಲಿ ನೇರಳೆ ಗೆರೆಯಿದ್ದದ್ದು. ಉಳಿದ ಒಂದೇ ಗಿಡದಿಂದ ತಳಿ ಮುಂದುವರಿಸಿದ್ದ.

ಈ ಸಲ ಬುದ್ಧಿ ಉಪಯೋಗಿಸಿ ಗುಡ್ಡದ ಮೇಲಿನ ಫಿರಂಗಿ ಗುಂಡಿಯಲ್ಲಿ ನೆಟ್ಟ. ಕಾರ್ಖಾನೆಯನ್ನು ಜರ್ಮನ್ ವಿಮಾನಗಳಿಂದ ಕಾಯಲು ಕಟ್ಟಿದ ಗುಂಡಿಯದು. ಫಿರಂಗಿ ಗುಜರಿಗೆ ಹೋಗಿ, ಕಾಂಕ್ರೀಟ್ ಗೋಡೆಯೊಳಗೆ ಅರ್ಧದಷ್ಟು ಮಣ್ಣು ತುಂಬಿತ್ತು. ಯುದ್ಧಕಾಲದಲ್ಲಿ ಅಲ್ಲೇ ದುಡಿದ ಅವನ ತಾಯಿ, "ಎಷ್ಟು ಹೊಡೆದ್ರೂ ನಮ್ಮ ಫಿರಂಗಿ ಒಂದು ವಿಮಾನಕ್ಕೂ ತಾಗ್ಲಿಲ್ಲ ಮಗಾ" ಎಂದು ನಗುತ್ತಿದ್ದಳು.

ಪ್ರದರ್ಶನಕ್ಕೆ ಒಂದು ದಿನ ಇರುವಾಗ ಪೊಲೀಸ್ ಹೆಂಗಸೊಬ್ಬಳು ಗುಡ್ಡ ಹತ್ತಿ ಬಂದಳು. ಹಿಂದೆ ಪಕ್ಕದ ತೋಟದ ರಾನ್ ಸ್ಟೋಬರ್ಟ್.

"ಗುಂಡಿದೆ ಅಂತ ಫೋನ್ ಮಾಡಿದ್ದು ನಾನೇ ಕಣೋ," ಎಂದ ರಾನ್. "ನಿನ್ ಜೀವ ದೊಡ್ಡದಲ್ವೇನೋ?"

"ಏನೂ ಇಲ್ಲ ಮೇಡಂ! ಕಳ್ಳರನ್ನ ಹೆದರ್ಸೋಕೆ ನಾನೇ ಬರೆದಿದ್ದು!"

"ಲೀಕ್ ಉಳಿಸ್ಕೊಳ್ಳೋಕೆ ಸುಳ್ಳು ಹೇಳ್ತಾನೆ, ಪಾಪ," ಎಂದು ರಾನ್ ತಲೆಯಾಡಿಸಿದ.

ಸುಳ್ಳು ಬರೆದಾಗ ಊರೆಲ್ಲ ನಂಬಿತ್ತು. ನಿಜ ಹೇಳಿದರೆ ನಾಯಿಯೂ ಕಿವಿಗೊಡಲಿಲ್ಲ. ಮಧ್ಯಾಹ್ನಕ್ಕೆ ಸೈನ್ಯದವರು ಬಂದರು. ಗುಡ್ಡದ ಕೆಳಗಿನ ಬೀದಿಗಳನ್ನು ಖಾಲಿ ಮಾಡಿಸಿದರು.

"ಹೆಸ್ಲಪ್, ಒಲೇಲಿ ಪೈ ಬಿಟ್ಟು ಬಂದಿದೀನಿ!" ಎದುರು ಮನೆಯ ಡೋರೀನ್ ಕೂಗಿದಳು. "ಕರಕಲಾದ್ರೆ ನಿನ್ ತಲೆ ಮೇಲೇ ಕವುಚ್ತೀನಿ!"

ಎಡ್ವಿನ್ ಅಧಿಕಾರಿಯ ಕೈ ಹಿಡಿದುಕೊಂಡ. "ಸ್ವಾಮಿ, ಬೇರಿಗೆ ನೋವಾಗ್ಬಾರ್ದು. ಇವು ಹೋದ್ರೆ ನಮ್ಮಮ್ಮನ ತಳೀನೇ ಹೋಯ್ತು."

"ಲೋಹ ಹುಡುಕೋ ಯಂತ್ರ ಹಿಡೀತೀವಿ ಯಜಮಾನ್ರೇ. ಸದ್ದು ಬರದಿದ್ರೆ ಗಿಡ ಮುಟ್ಟಲ್ಲ."

ಎಡ್ವಿನ್ನನಿಗೆ ಹೋದ ಜೀವ ಬಂದಂತಾಯಿತು. ಇಲ್ಲದ ಗುಂಡು ಸದ್ದು ಮಾಡುವುದುಂಟೇ? ಯಂತ್ರ ಮೂರನೇ ಸಾಲಿನ ಮೇಲೆ ಹಾಯಿತು. ಕೀಂ ಎಂದಿತು.

"ಹಳೇ ಸಲಿಕೆ ಇರ್ಬೇಕು," ಎಂದ ಎಡ್ವಿನ್.

ಅಧಿಕಾರಿ ಮಣ್ಣು ಸರಿಸಿ ನೋಡಿದ. ತುಕ್ಕು ಹಿಡಿದ ಫಿರಂಗಿ ಗುಂಡು ಇಣುಕಿತು. "ಎಲ್ರೂ ಹಿಂದೆ! ಇದನ್ನ ಅಲುಗಾಡ್ಸೋಕಾಗಲ್ಲ, ಇಲ್ಲೇ ಸಿಡಿಸ್ಬೇಕು."

"ಒಂದೇ ಒಂದು ಗಿಡ ಕಿತ್ಕೊಂಡು ಬಂದ್ಬಿಡ್ತೀನಿ!" ಇಬ್ಬರು ಸಿಪಾಯಿಗಳು ಅವನನ್ನು ಎತ್ತಿಕೊಂಡೇ ಹೋದರು.

ಗುಡ್ಡ ನಡುಗಿತು. ಯುದ್ಧವಿಡೀ ಯಾವುದಕ್ಕೂ ತಾಗದ ಆ ಫಿರಂಗಿಯ ಗುಂಡು ಕಡೆಗೂ ಒಂದು ಗುರಿ ಹೊಡೆಯಿತು. ಎಡ್ವಿನ್ ತಾಯಿಯನ್ನು ಎರಡನೇ ಸಲ ಮಣ್ಣು ಮಾಡಿದವನಂತೆ ಅತ್ತ.

ಮರುದಿನ ಕ್ಲಬ್ಬಿನಲ್ಲಿ, ಬೋರ್ಡು ಹಾಕಿ ಊರು ಉಳಿಸಿದವನೆಂದು ಎಲ್ಲರೂ ಎದ್ದುನಿಂತು ಅವನಿಗೆ ಚಪ್ಪಾಳೆ ತಟ್ಟಿದರು. ಮೊದಲ ಬಹುಮಾನ ರಾನ್‌ಗೆ. ಮೇಜಿನ ಮೇಲೆ ಅವನ ಲೀಕುಗಳು ತೊಡೆಗಾತ್ರ ಮಲಗಿದ್ದವು. ಎಡ್ವಿನ್ ಬಗ್ಗಿ ನೋಡಿದ. ಎಲೆಯ ಬುಡದಲ್ಲಿ ನೇರಳೆ ಗೆರೆ!

"ಇದು ನಮ್ಮಮ್ಮನ ತಳಿ! ಅವತ್ತು ಕದ್ದಿದ್ದು ಇವ್ನೇ!" ಎಂದು ಕಿರುಚಿದ.

ರಾನ್ ನಿಧಾನವಾಗಿ ಬಿಯರ್ ಲೋಟ ಕೆಳಗಿಟ್ಟ.

"ನಿನ್ನೆ ಗುಂಡೇ ಇಲ್ಲ ಅಂತ ಆಣೆ ಹಾಕಿದವನೂ ಇವ್ನೇ ಅಲ್ವೇನ್ರೋ?"

ಕ್ಲಬ್ಬೆಲ್ಲ ಬಿದ್ದುಬಿದ್ದು ನಕ್ಕಿತು. ಪ್ರದರ್ಶನ ಮುಗಿದ ಮೇಲೆ ಡೋರೀನ್ ಅನುಕಂಪದಿಂದ ಎಡ್ವಿನ್ನನ ಮುಂದೆ ಒಂದು ಬಟ್ಟಲು ಸೂಪ್ ಇಟ್ಟಳು. ಗೆದ್ದ ಲೀಕಿನದು.