ಚೆನ್ಸಾ ಬಿಟ್ಟ ಮಾತು

ಸಾಲ್ವುವಿಗೆ ಹೆಂಡತಿ ಚೆನ್ಸಾಳ ಮೇಲೆ ಇದ್ದದ್ದು ಒಂದೇ ತಕರಾರು: ‘ಮೆಲಾ’. ಮಾಲ್ಟಾ ದ್ವೀಪದಲ್ಲಿ ಎಲ್ಲರ ಬಾಯಲ್ಲೂ ಓಡಾಡುವ ಮಾತೇ ಅದು. ಆದರೆ ಚೆನ್ಸಾಳ ಬಾಯಲ್ಲಿ ಅದು ಸಂಸಾರ ಹೂಡಿ ಕೂತಿತ್ತು. ಅಡುಗೆ ಆಯಿತೇ ಎಂದರೆ ‘ಮೆಲಾ’ (ಆಯಿತು). ಉಪ್ಪು ಜಾಸ್ತಿ ಎಂದರೆ ‘ಮೆಲಾ!’ (ನೀನೇ ಮಾಡಿಕೋ). ಎದುರುಮನೆಯವಳು ಗಂಡನ ಪುರಾಣ ತೆಗೆದರೆ ‘ಮೆಲಾ…?’ (ನಿಲ್ಲಿಸಬೇಡ, ಮುಂದೆ ಹೇಳು). ಹಡಗುಕಟ್ಟೆಯಲ್ಲಿ ಕಬ್ಬಿಣ ಬೆಸೆದು ನಿವೃತ್ತನಾದ ಸಾಲ್ವುವಿಗೋ, ಒಂದು ಮೊಳೆಗೆ ಒಂದೇ ತೂತು ಇರಬೇಕು.

ತಪಸ್ಸುಕಾಲ ಬಂತು. ಈಸ್ಟರ್‌ವರೆಗೆ ಊರಿನವರೆಲ್ಲ ಒಂದೊಂದು ಇಷ್ಟದ ವಸ್ತು ಬಿಡುವ ಹೊತ್ತು. ಸಾಲ್ವುವಿಗೆ ದಿವ್ಯಜ್ಞಾನವಾಯಿತು.

“ಸಿಹಿ ಯಾರು ಬೇಕಾದ್ರೂ ಬಿಡ್ತಾರೆ ಕಣೇ. ಗಂಡೆದೆ ಇದ್ರೆ ಮೆಲಾ ಬಿಡು ನೋಡೋಣ!”

“ಬಿಟ್ಟೆ ಹೋಗು, ದೇವರಾಣೆ,” ಎಂದು ಚೆನ್ಸಾ ಹಿಟ್ಟಿನ ಕೈಯಲ್ಲೇ ಶಿಲುಬೆ ಗುರುತು ಹಾಕಿಕೊಂಡಳು.

ವಾರ ಕಳೆಯುವುದರೊಳಗೆ ಸಾಲ್ವು ಬೆಕ್ಕಸಬೆರಗಾದ. ಮೀನಿನ ಗಾಡಿಯವನು ಬೆಲೆ ಇಳಿಸಲೇ ಇಲ್ಲ. ಇಷ್ಟು ದಿನ ಅವನು ಹೆದರುತ್ತಿದ್ದದ್ದು ಚೆನ್ಸಾ ಮೂಗಿನಲ್ಲಿ ಎಳೆದ ಒಂದು ಮೆಲಾಕ್ಕೆ! ಅವಳಿಗೆ ಮಗಳ ಫೋನು ಇಡಲಾಗಲಿಲ್ಲ. ಮೆಲಾ ಎನ್ನದೆ ಮಾತು ಮುಗಿಯುವುದಾದರೂ ಹೇಗೆ? ಅಷ್ಟರಲ್ಲಿ ಒಲೆಯ ಮೇಲೆ ಸಾರು ಸೀದುಹೋಯಿತು. ಇಡೀ ಹಡಗು ನೀರಿಗೆ ಜಾರದಂತೆ ಹಿಡಿದು ನಿಲ್ಲಿಸುವ ಅಂಗೈಯಗಲದ ಬೆಣೆಯನ್ನು ಸಾಲ್ವು ಕಂಡವನು. ಮನೆಯ ಬೆಣೆಯನ್ನು ತಾನೇ ಹೊಡೆದು ಕಿತ್ತೆನಲ್ಲ ಎಂದು ಪೇಚಾಡಿಕೊಂಡ.

ಭಾನುವಾರ ಚೆನ್ಸಾಳ ಅಕ್ಕ ಜಿಝಾ ಬಂದಳು. ಕಾಫಿ ಕುಡಿದು ಬಟ್ಟಲು ಇಟ್ಟಳು.

“ನಮ್ಮನೆ ಸೂರು ರಿಪೇರಿ ಕಣೇ. ಬೇಸಿಗೆ ಮುಗಿಯೋವರೆಗೂ ನಿಮ್ಮ ಹಿಂದಿನ ಕೋಣೇಲಿ ಇರ್ಲಾ?”

ಹಿಂದಿನ ಕೋಣೆ! ಸಾಲ್ವುವಿನ ಹಾಡುಹಕ್ಕಿಗಳ ಪಂಜರಗಳಿದ್ದ, ಅವನು ಚಕ್ರವರ್ತಿಯಾಗಿ ಮೆರೆಯುತ್ತಿದ್ದ ಏಕೈಕ ಸಾಮ್ರಾಜ್ಯ. ನೆಂಟರ ಮುಖಕ್ಕೆ ಹೊಡೆದಂತೆ ಇಲ್ಲ ಎನ್ನುವ ಪದ್ಧತಿ ಆ ಊರಲ್ಲಿಲ್ಲ. ಅಂಥ ಆಪತ್ತಿಗೆಂದೇ ಇತ್ತು ಚೆನ್ಸಾಳ ಉದ್ದನೆಯ ‘ಮೆ…ಲಾ’. ಅದು ಹೂಂ ಅಲ್ಲ, ಊಹೂಂ ಅಲ್ಲ. ಕೇಳಿದವರು ತಾವಾಗಿಯೇ ಚೀಲ ಎತ್ತಿಕೊಂಡು ಏಳುತ್ತಿದ್ದರು.

ಚೆನ್ಸಾ ಬಾಯಿ ತೆರೆದಳು. ಮುಚ್ಚಿದಳು. ಸಾಲ್ವು ಅವಳನ್ನು ಅಡುಗೆಮನೆಗೆ ಎಳೆದೊಯ್ದ.

“ಹೇಳೇ! ಒಂದ್ಸಲ ಅಂದುಬಿಡು!”

“ಹಿಡಿದ ವ್ರತ ಕೆಡಿಸ್ತೀಯಾ, ಸೈತಾನ?”

“ನಿನ್ನ ವ್ರತ ನಾನು ಹೊರ್ತೀನಿ ಮಾರಾಯ್ತಿ! ಈಸ್ಟರ್‌ವರೆಗೂ ಆ ಮಾತು ನನ್ನ ಬಾಯಲ್ಲಿ ಬರಲ್ಲ.”

“ಆಣೆ ಮಾಡು.”

“ದೇವರಾಣೆ!”

ಚೆನ್ಸಾ ಹಗುರಾಗಿ ಉಸಿರುಬಿಟ್ಟು ಹೊರಗೆ ಬಂದಳು.

“ಮೆಲಾ!” ಎಂದು ಹೂವರಳಿದಂತೆ ನಕ್ಕು ಅಕ್ಕನನ್ನು ತಬ್ಬಿಕೊಂಡಳು. “ಇದನ್ನೂ ಕೇಳ್ಬೇಕಾ ಅಕ್ಕ? ಆ ಹಕ್ಕಿ ನಾತ ಯಾವಾಗ ತೊಲಗುತ್ತೋ ಅಂತ ಕಾಯ್ತಾ ಇದ್ದೆ. ಬಾಯ್ತುಂಬ ಕರೆಯೋಣ ಅಂದ್ರೆ ಆ ಮಾತೇ ಇಲ್ದೆ ಒದ್ದಾಡ್ತಿದ್ದೆ ನೋಡು!”

ಸಾಲ್ವುವಿನ ನಾಲಗೆಯ ತುದಿಗೆ ಜಗತ್ತಿನ ಎಲ್ಲ ಮಾತುಗಳೂ ಬಂದು ನಿಂತವು. ಬೇಕಾದ ಒಂದಕ್ಕೆ ಮಾತ್ರ ದೇವರ ಬೀಗ ಬಿದ್ದಿತ್ತು.

“ಒಂದು ಮಾತೂ ಎದುರಾಡಲಿಲ್ಲ ನೋಡೇ, ಚಿನ್ನದಂಥ ಗಂಡ!” ಎಂದಳು ಜಿಝಾ. “ಏಳಪ್ಪಾ ಸಾಲ್ವು, ಪಂಜರ ಎಲ್ಲ ಮಹಡಿಗೆ ಸಾಗಿಸು. ಮಂಚ ಹಾಕ್ಬೇಕು.”