ಒಂದೇ ಸೀನಿಗೆ ಬಾರದ ಅಣ್ಣ-ತಮ್ಮ

ಸಿನಿಮಾ ಹುಚ್ಚು ಇರುವವನಿಗೆ ನಾಟಕದ ವಿಡಿಯೊ ತೆಗೆಯುವ ಕೆಲಸ ಸಿಕ್ಕರೆ ಏನೇನು ಆಗಬಹುದೋ ಅದೆಲ್ಲ ನನಗೆ ಪ್ರತಿ ಬೇಸಿಗೆಯಲ್ಲೂ ತಪ್ಪದೆ ಆಗುತ್ತದೆ. ಹೊನ್ನಾಳಿಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ. ಮದುವೆ, ಗೃಹಪ್ರವೇಶಗಳು ಕಡಿಮೆಯಾದಾಗ ನಾಟಕಗಳು ಕೈಹಿಡಿಯುತ್ತವೆ. ಚನ್ನಗಿರಿ, ನ್ಯಾಮತಿ, ಜಗಳೂರು, ಯಾವ ಕಡೆ ಸ್ಟೇಜು ಕಟ್ಟಿದರೂ ಕ್ಯಾಮೆರಾ ಹೊತ್ತು ಹೋಗಿ ಶೂಟ್ ಮಾಡಿ ಯೂಟ್ಯೂಬಿಗೆ ಹಾಕಿಕೊಡುತ್ತೇನೆ. ಜೊತೆಗೆ ನಿರ್ದೇಶನ ಹೇಗಿತ್ತು, ನಟನೆ ಹೇಗಿತ್ತು ಎಂದು ನನ್ನ ಅಭಿಪ್ರಾಯವನ್ನೂ ಹೇಳುತ್ತೇನೆ. ಯಾರೂ ಕೇಳಿರುವುದಿಲ್ಲ.

ಮದುವೆಯಾದ ಹೊಸತರಲ್ಲೇ ಹೆಂಡತಿ ಎಚ್ಚರಿಸಿದ್ದಳು. "ಎಲ್ಲಿ ಬೇಕಾದ್ರೂ ಮಾತಾಡ್ರಿ. ನಮ್ಮಪ್ಪನ ಮುಂದೆ, ದೊಡ್ಡಪ್ಪನ ಮುಂದೆ ಮಾತ್ರ ನಾಟಕದ ಸುದ್ದಿ ಎತ್ತಬ್ಯಾಡ್ರಿ. ಒಂದು ಅಭಿಪ್ರಾಯಕ್ಕೆ ನಮ್ಮನೆ ಎರಡಾಗೈತೆ."

ಅವಳ ತವರು ಸಾಸ್ವೆಹಳ್ಳಿ ಕಡೆಯ ಒಂದು ಹಳ್ಳಿ. ಮಾವ, ಮಾವನ ಅಣ್ಣ, ಇಬ್ಬರಿಗೂ ನಾಟಕವೆಂದರೆ ಪ್ರಾಣ. ಅಣ್ಣನನ್ನು ನಾನು ದೊಡ್ಡ ಮಾವ ಎನ್ನುತ್ತೇನೆ. ಹತ್ತು-ಹನ್ನೆರಡು ವರ್ಷದ ಹಿಂದೆ ಈ ದೊಡ್ಡ ಮಾವ ಒಂದು ನಾಟಕದಲ್ಲಿ ಮಗನನ್ನು ಕಳೆದುಕೊಂಡ ತಂದೆಯ ಪಾರ್ಟು ಮಾಡಿ, ಎದೆ ಎದೆ ಬಡಿದುಕೊಂಡು ಅತ್ತರಂತೆ. ಮರುದಿನ ಹೋಟೆಲಿನಲ್ಲಿ ಊರವರ ಮುಂದೆ ನಮ್ಮ ಮಾವ, "ಅಣ್ಣ, ನೀನು ಅಳಾಕೆ ಸುರು ಮಾಡಿದ್ದೇ ತಡ, ಜನ ನಗಾಕೆ ಸುರು ಮಾಡಿದ್ರು ನೋಡು" ಅಂದುಬಿಟ್ಟರು. ದೊಡ್ಡ ಮಾವ ಕುಡಿಯುತ್ತಿದ್ದ ಚಹಾ ಅಲ್ಲೇ ಬಿಟ್ಟು ಎದ್ದು ಹೋದರು. ಅಂದಿನಿಂದ ಮಾತಿಲ್ಲ.

ಎರಡೂ ಮನೆಗಳ ನಡುವೆ ಇರುವುದು ಒಂದೇ ಗೋಡೆ. ನೀರಿನ ಮೋಟರಿನ ಸ್ವಿಚ್ಚು ಮಾವನ ಕಡೆಗಿದೆ. ನೀರು ಬೇಕಾದಾಗ ದೊಡ್ಡ ಮಾವ ಹೊರಗೆ ಬಂದು ಅಂಗಳದಲ್ಲಿ ಕಟ್ಟಿದ ಎಮ್ಮೆಯನ್ನು ಕೇಳುತ್ತಾರೆ: "ಏನವ್ವ, ಮೋಟ್ರು ಹಾಕೋ ಮನುಷ್ಯರು ಯಾರೂ ಇಲ್ಲೇನು ಈ ಕಡೆ?" ಒಳಗಿನಿಂದ ಮಾವ ಸ್ವಿಚ್ಚು ಒತ್ತುತ್ತಾರೆ. ಎಮ್ಮೆಗೂ ಅಭ್ಯಾಸವಾಗಿದೆ.

ನಗುವ ವಿಷಯವಲ್ಲ ಎನ್ನುವುದು ನನಗೆ ಹೋದ ವರ್ಷ ತಿಳಿಯಿತು. ದೊಡ್ಡ ಮಾವನಿಗೆ ಎದೆನೋವು ಬಂದು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದ್ದೆವು. ಮಾವ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಕೂತುಬಿಟ್ಟರು. ಒಳಗೂ ಬರಲಿಲ್ಲ, ಊರಿಗೂ ಹೋಗಲಿಲ್ಲ. ಒಳಗಿನಿಂದ ಬಂದ ಪ್ರತಿಯೊಬ್ಬ ನರ್ಸಮ್ಮನ ಮುಖ ನೋಡುತ್ತಿದ್ದರು. "ಮಾತಾಡಿಸ್ದಂಗೆ ಹೋಗಿಬಿಟ್ರೆ ಹೆಂಗಪ್ಪ?" ಎಂದು ನನ್ನನ್ನು ಕೇಳಿದರು. ಎಲ್ಲದಕ್ಕೂ ಅಭಿಪ್ರಾಯ ಹೇಳುವ ನಾನು ಹೋಗಿ ಚಹಾ ತಂದುಕೊಟ್ಟೆ. ದೊಡ್ಡ ಮಾವ ಗುಣವಾಗಿ ಬಂದರು. ಮಾತು ಮಾತ್ರ ಗುಣವಾಗಲಿಲ್ಲ.

ಇಬ್ಬರಿಗೂ ನಾಟಕ ಕಲಿಸುವವರು ಒಬ್ಬ ಹಾರ್ಮೋನಿಯಂ ಮಾಸ್ತರು. ನಮ್ಮ ಸುತ್ತಿನ ಬಹಳಷ್ಟು ಹಳ್ಳಿಗಳಿಗೆ ಅವರೇ ನಿರ್ದೇಶಕರು. ಹಾಗಾಗಿ ನನ್ನ ಅಭಿಪ್ರಾಯಗಳೆಲ್ಲ ಹೋಗಿ ಬೀಳುವುದು ಅವರ ತಲೆಯ ಮೇಲೇ.

ಸತ್ತವನಿಗೆ ಹಾರ

ಜಗಳೂರಿನ ಆಚೆ ಒಂದು ಹಳ್ಳಿ. ನಾಯಕನಿಗೆ ಖಳನಾಯಕ ಚೂರಿ ಹಾಕಿದ. ನಾಯಕ ಬಹಳ ಹೊತ್ತು ತೂರಾಡಿ, ಬೀಳಲು ಒಳ್ಳೆಯ ಜಾಗ ಹುಡುಕಿ, ಪಂಚೆ ಸರಿಮಾಡಿಕೊಂಡು ಬಿದ್ದ. ನಾಯಕಿ ಮೈಮೇಲೆ ಬಿದ್ದು ಅಳತೊಡಗಿದಳು. ಅಷ್ಟರಲ್ಲಿ ಮೈಕಿನಲ್ಲಿ ಪ್ರಕಟಣೆ ಬಂತು. "ನಮ್ಮ ನಾಯಕ ನಟರಿಗೆ ಅವರ ಬೀಗರ ಕಡೆಯಿಂದ ಸನ್ಮಾನ."

ಬೀಗರು ಹಾರ, ಟವೆಲ್ಲು ಹಿಡಿದು ಸಾಲಾಗಿ ಸ್ಟೇಜು ಹತ್ತಿದರು. ನಾಯಕ ಕಣ್ಣು ಬಿಟ್ಟ, ಎದ್ದು ನಿಂತ, ಟವೆಲ್ಲು ಹೊದೆಸಿಕೊಂಡ, ಹಾರಕ್ಕೆ ಕೊರಳು ಒಡ್ಡಿದ, ಮೂರೂ ದಿಕ್ಕಿಗೆ ಕೈಮುಗಿದ. ನಾಯಕಿ ಅರ್ಧ ಅಳುವನ್ನು ಬಾಯಲ್ಲೇ ಹಿಡಿದುಕೊಂಡು ಕಾದಳು. ಬೀಗರು ಇಳಿದ ಮೇಲೆ ಆತ ಹೂವು ನಲುಗದ ಹಾಗೆ ಮೆಲ್ಲಗೆ ಮಲಗಿ ಮತ್ತೆ ಸತ್ತ.

ನನಗೆ ತಡೆಯಲಾಗಲಿಲ್ಲ. "ಮಾಸ್ತರೇ, ಸತ್ತೋನು ಎದ್ದು ನಮಸ್ಕಾರ ಮಾಡೋದು ಯಾವ ಸೀಮೆ ಡೈರೆಕ್ಷನ್ನು ರೀ?" ಎಂದು ಕೇಳಿದೆ.

"ಏಳದಿದ್ರೆ ಬೀಗರು ಮುನಿಸ್ಕಂತಾರೆ. ನಾಟಕ ಬೆಳಿಗ್ಗೆಗೆ ಮುಗೀತೈತೆ. ಆಮೇಲೆ ಆ ಹುಡುಗ ಸಂಸಾರ ಮಾಡಬ್ಯಾಡೇನ್ರೀ?" ಎಂದರು ಮಾಸ್ತರು. "ಮನಸು ಮುರಿದ್ರೆ ಏನಾಗ್ತೈತೆ ಅಂತ ನಿಮ್ಮ ಮಾವನ ಮನ್ಯಾಗೆ ನೋಡೀರಲ್ಲ."

 ಒಂದು ಮಾತು ಒಪ್ಪಬೇಕು. ಬಿದ್ದಾಗ ಆತ ಸತ್ತಿದ್ದಾನೆಂದು ಯಾರೂ ನಂಬಿರಲಿಲ್ಲ. ಕೊರಳಿಗೆ ಹಾರ ಬಿದ್ದ ಮೇಲೆ ಮಲಗಿದನಲ್ಲ, ಆಗ ನಮಗೆಲ್ಲ ಖಾತ್ರಿಯಾಯಿತು.

ಎದುರು ಸಾಲಿನ ಪ್ರೇಕ್ಷಕಿ

ಚನ್ನಗಿರಿ ತಾಲ್ಲೂಕಿನ ಒಂದು ಊರಲ್ಲಿ ಗೊಬ್ಬರದ ಅಂಗಡಿಯವರೊಬ್ಬರು ನಾಯಕ. ನಾಯಕಿ ದಾವಣಗೆರೆಯಿಂದ ಬಂದ ವೃತ್ತಿ ಕಲಾವಿದೆ. ಈ ಹೆಣ್ಣುಮಕ್ಕಳು ನಿನ್ನೆ ಒಂದು ಊರಲ್ಲಿ ಹೆಂಡತಿ, ಇವತ್ತು ಇನ್ನೊಂದು ಊರಲ್ಲಿ ಪ್ರೇಯಸಿ. ತಾಲೀಮೇ ಇಲ್ಲದೆ ಸ್ಟೇಜು ಹತ್ತಿದರೂ ಮಾತು ತಪ್ಪುವುದಿಲ್ಲ. ಸಿನಿಮಾದವರು ಇವರ ಕಾಲಿಗೆ ಬೀಳಬೇಕು ಎನ್ನುವುದು ನನ್ನ ಪ್ರಾಮಾಣಿಕ ಅಭಿಪ್ರಾಯ.

ಪ್ರೇಮದ ದೃಶ್ಯ ಶುರುವಾಯಿತು. ಗೊಬ್ಬರದ ಅಂಗಡಿಯವರು, "ಪ್ರಿಯೆ, ನಿನ್ನ ಈ ಕಣ್ಣುಗಳಲ್ಲಿ ನನ್ನ ಲೋಕವೇ ಅಡಗಿದೆ" ಎಂದರು. ಎಂದದ್ದು ತಬಲಾದವನ ಕಡೆ ನೋಡಿಕೊಂಡು. ಆಕೆ ಎದುರು ಬಂದು ನಿಂತರೆ ಇವರು ಸೀನರಿಯ ಪರದೆಯಲ್ಲಿದ್ದ ನವಿಲನ್ನು ನೋಡಿದರು. ಕೊನೆಗೆ ಆಕೆ ಪಿಸುಗುಟ್ಟಿದಳು. ಮೇಲೆ ತೂಗುಬಿಟ್ಟಿದ್ದ ಮೈಕು ಅದನ್ನೂ ಊರಿಗೆಲ್ಲ ಕೇಳಿಸಿತು: "ಅಣ್ಣಾ, ನನ್ನ ಕಣ್ಣು ಈ ಕಡೆ ಅದಾವ್ರಿ."

ಪ್ರೇಕ್ಷಕರು ಎದ್ದು ಬಿದ್ದು ನಕ್ಕರು. ಮುಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಮಾತ್ರ ಕೈಕಟ್ಟಿ ಕೂತಿದ್ದಳು. ನಗಲಿಲ್ಲ.

ನಾಟಕ ಮುಗಿದು ಗೊಬ್ಬರದ ಅಂಗಡಿಯವರು ಬಣ್ಣ ಒರೆಸಿಕೊಳ್ಳುವಾಗ ಹೋಗಿ ಹೇಳಿದೆ. "ಪ್ರೇಮ ಅನ್ನೋದು ಕಣ್ಣಲ್ಲಿ ಬರಬೇಕ್ರಿ. ಸಿನಿಮಾದಲ್ಲಿ ನೋಡ್ರಿ, ಮಾತೇ ಬೇಕಾಗಲ್ಲ."

ಅವರು ಮುಖದ ಮೇಲಿನ ಬಟ್ಟೆ ತೆಗೆದು ನನ್ನನ್ನು ಕರುಣೆಯಿಂದ ನೋಡಿದರು. "ನಿಮ್ಮ ಸಿನಿಮಾದೋರು ತಮ್ಮ ಹೆಂಡ್ತೀನ ಕ್ಯಾಮೆರಾ ಪಕ್ಕದಾಗೆ ಕುಂದ್ರಿಸ್ಕಂಡು ಆ ಸೀನು ಮಾಡ್ಲಿ ಸಾರ್. ಆಮೇಲೆ ಕಣ್ಣಾಗೆ ಏನು ಬರ್ತೈತೆ ಅಂತ ನೋಡಣ."

ಇನ್‌ಸ್ಪೆಕ್ಟರ್ ಹಾಡಿದ್ದು

ನ್ಯಾಮತಿ ತಾಲ್ಲೂಕು, ಗೋವಿನಕೋವಿಯಿಂದ ಸ್ವಲ್ಪ ಮುಂದೆ. ಇನ್‌ಸ್ಪೆಕ್ಟರ್ ಪಾರ್ಟಿನವನು ಬೂಟಿನ ಸದ್ದು ಮಾಡುತ್ತ ಬಂದು, ಕಳ್ಳನ ಕೈ ಹಿಡಿದು, "ಎಲೈ ದುಷ್ಟನೇ" ಎಂದ. ಮುಂದಿನ ಮಾತು ಮರೆತುಹೋಯಿತು. ಪರದೆಯ ಹಿಂದಿನಿಂದ ಹೇಳಿಕೊಟ್ಟರೆ ಕೇಳಿಸಲಿಲ್ಲ. ಮತ್ತೆ "ಎಲೈ ದುಷ್ಟನೇ" ಎಂದ. ಮೂರನೆಯ ಸಲ ಅನ್ನುವ ಹೊತ್ತಿಗೆ ದುಷ್ಟನೇ ನಾಚಿಕೊಂಡ.

ಮಾಸ್ತರು ತಡಮಾಡದೆ ಹಾರ್ಮೋನಿಯಂ ಎಳೆದರು. ಇನ್‌ಸ್ಪೆಕ್ಟರ್‌ಗೆ ಹೋದ ಜೀವ ಬಂತು. ಲಾಠಿ ಕಂಕುಳಲ್ಲಿಟ್ಟುಕೊಂಡು ಬೆಳದಿಂಗಳ ಮೇಲೆ ಒಂದು ಹಾಡು ಹಾಡಿದ. ಕೈಬೀಸಿ ಹಾಡುವ ಭರದಲ್ಲಿ ಕಳ್ಳನ ಕೈ ಬಿಟ್ಟ. ಕಳ್ಳನೂ ಒಂದು ಚರಣ ಕುಣಿದು, ತನ್ನ ಕೆಲಸ ಮುಗಿಯಿತೆಂದು ಒಳಗೆ ಹೋಗಿ ಬೀಡಿ ಹಚ್ಚಿದ. ಹಾಡು ಮುಗಿದಾಗ ಬಂಧಿಸಲು ಯಾರೂ ಇರಲಿಲ್ಲ. ಇನ್‌ಸ್ಪೆಕ್ಟರ್ ಸಭಿಕರಿಗೆ ಸೆಲ್ಯೂಟ್ ಹೊಡೆದು ಹೊರಟುಹೋದ.

ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ಮಾಸ್ತರನ್ನು ತರಾಟೆಗೆ ತೆಗೆದುಕೊಂಡೆ. "ನಾಟಕ ಕೆಟ್ಟಲ್ಲೆಲ್ಲ ಹಾಡು ತುರುಕ್ತೀರಲ್ಲ, ಇದು ನಿರ್ದೇಶನಾನಾ?"

"ನಿಮ್ಮ ಸಿನಿಮಾದಾಗೆ ಹಾಡು ಮತ್ಯಾವಾಗ ಬರ್ತಾವೆ ಹೇಳ್ರಿ" ಎಂದರು. ನಾನು ನೋಡಿದ ಸಿನಿಮಾಗಳನ್ನೆಲ್ಲ ಮನಸ್ಸಿನಲ್ಲೇ ತಿರುವಿಹಾಕಿ, ಇನ್ನೊಂದು ಚಹಾ ಹೇಳಿದೆ.

ಆಗ ಮಾಸ್ತರು ತಮ್ಮ ಸಂಕಟ ತೋಡಿಕೊಂಡರು. "ನಿಮ್ಮ ಮಾವಂದಿರ ಊರಿಗೆ ನಾಟಕ ಆರಿಸೋದ್ರಾಗೆ ನನ್ನ ಕೂದ್ಲು ಉದುರಿದ್ವು. ಎಲ್ಲರೂ ಕಥೆ ನೋಡಿ ನಾಟಕ ಆರಿಸ್ತಾರೆ. ನಾನು ಇವರಿಬ್ರೂ ಎದುರುಬದುರು ಬರದ ನಾಟಕ ಹುಡುಕ್ಬೇಕು. ಹೋದ್ಸಲ ಎಲ್ಲೂ ಸಿಗಲಿಲ್ಲ, ನಿಮ್ಮ ದೊಡ್ಡ ಮಾವನ್ನ ಇಂಟರ್ವಲ್‌ಗೆ ಮುಂಚೆ ಸಾಯಿಸಿದೆ. ಆಸ್ಪತ್ರೆಯಿಂದ ಬಂದ ಮ್ಯಾಲೆ ಮತ್ತೆ ಸಾಯಿಸಾಕೆ ನನಗೆ ಮನಸು ಬರ್ವಲ್ದು. ಅದಕ್ಕೇ ಈ ವರ್ಷ ಅಣ್ಣ-ತಮ್ಮರ ನಾಟಕಾನೇ ಹಿಡಿದೀನಿ. ಜಗಳ ಆಡಿ ಬೇರೆಯಾದೋರು ಕೊನೇ ಸೀನಿನಾಗೆ ಒಂದಾಗ್ತಾರೆ."

"ಒಪ್ಪಿದ್ರಾ?"

"ದೊಡ್ಡ ಪಾರ್ಟು ರೀ. ಇಬ್ರೂ ಬಿಡಲ್ಲ."

"ಮತ್ತೆ ತಾಲೀಮು ಹೆಂಗೆ?"

"ಇವತ್ತು ಒಬ್ರು, ನಾಳೆ ಒಬ್ರು. ಅಣ್ಣ ಬಂದ ದಿನ ನಾನೇ ತಮ್ಮ. ತಮ್ಮ ಬಂದ ದಿನ ನಾನೇ ಅಣ್ಣ." ಮಾಸ್ತರು ಪಕ್ಕೆ ಹಿಡಿದುಕೊಂಡು ನಿಟ್ಟುಸಿರು ಬಿಟ್ಟರು. "ಇಬ್ರೂ ನನ್ನೇ ತಬ್ಕಂಡು ಅತ್ತು ಅತ್ತು ಪಕ್ಕೆಲುಬು ಹಿಡ್ಕಂಡೈತ್ರಿ."

ಕೊನೆಯ ಸೀನು

ಆ ನಾಟಕಕ್ಕೆ ಸುತ್ತಲ ಊರಿನವರೂ ಬಂದರು. ಕಥೆ ನೋಡಲು ಬಂದವರು ಒಬ್ಬರೂ ಇರಲಿಲ್ಲ. ಅಣ್ಣ-ತಮ್ಮ ಮಾತಾಡುತ್ತಾರೋ ಇಲ್ಲವೋ ಎನ್ನುವುದೊಂದೇ ಎಲ್ಲರ ಕುತೂಹಲ. ಹೆಂಡತಿ ನನ್ನ ಕ್ಯಾಮೆರಾ ಪಕ್ಕದಲ್ಲೇ ಕೂತು ಸೆರಗಿನ ತುದಿಯನ್ನು ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. "ಪುಸ್ತಕದಾಗಿನ ಮಾತು ಹೇಳಿ ಇಳಿದುಬಿಡ್ತಾರೆ. ಮನೆಗೆ ಹೋದ್ರೆ ಮತ್ತೆ ಅದೇ ಎಮ್ಮೆ" ಎಂದಳು. ನನಗೂ ಅದೇ ಭಯ.

ಕೊನೆಯ ಸೀನು ಬಂತು. ದೊಡ್ಡ ಮಾವ ಕುರ್ಚಿಯಲ್ಲಿ ಕೂತಿದ್ದರು. ಮಾವ ಬಂದು, "ಅಣ್ಣಾ, ಈ ಪಾಪಿಯನ್ನು ಕ್ಷಮಿಸು" ಎಂದು ಮಂಡಿಯೂರಿದರು. ದನಿ ಗಟ್ಟಿಯಾಗಿ, ತಾಲೀಮಿನಲ್ಲಿ ಕಲಿತ ಹಾಗೆಯೇ ಇತ್ತು. ಈಗ ಅಣ್ಣನದು ರಕ್ತಸಂಬಂಧದ ಬಗ್ಗೆ ಒಂದು ಉದ್ದನೆಯ ಮಾತು. ದೊಡ್ಡ ಮಾವ ಬಾಯಿ ತೆರೆದರು. ಮಾತು ಬರಲಿಲ್ಲ. ಪರದೆ ಹಿಂದಿನವನು ಒಂದು ಸಲ ಹೇಳಿಕೊಟ್ಟ, ಇನ್ನೊಂದು ಸಲ ಜೋರಾಗಿ ಹೇಳಿಕೊಟ್ಟ. ಹಿಂದಿನ ಸಾಲಿನವರಿಗೂ ಕೇಳಿಸಿತು. ಇವರಿಗೆ ಕೇಳಿಸಿದ ಹಾಗೆ ಕಾಣಲಿಲ್ಲ. ಮಾಸ್ತರು ಹಾರ್ಮೋನಿಯಂ ಮುಂದೆಯೇ ಇದ್ದರು. ಹಾಡು ಶುರುಮಾಡಲಿಲ್ಲ.

ದೊಡ್ಡ ಮಾವನ ಗದ್ದ ನಡುಗಿತು. ಕಣ್ಣೀರು ಬಣ್ಣದ ಮೇಲೆ ಇಳಿದು ಗೆರೆಯಾಯಿತು. ಎದೆ ಬಡಿದುಕೊಳ್ಳಲಿಲ್ಲ, ದನಿ ತೆಗೆಯಲಿಲ್ಲ. ನಾನು ಇಷ್ಟು ವರ್ಷ ಥಿಯೇಟರಿಗೆ ದುಡ್ಡು ಕೊಟ್ಟು ಹುಡುಕಿಕೊಂಡು ಹೋದದ್ದು ಇಂಥ ಅಳುವನ್ನೇ.  ಅಷ್ಟು ಜನರಲ್ಲಿ ಒಬ್ಬರೂ ಕಮಕ್ ಕಿಮಕ್ ಅನ್ನಲಿಲ್ಲ.

ದೊಡ್ಡ ಮಾವ ತಮ್ಮನ ಕಡೆ ಬಗ್ಗಿ ಕೇಳಿದರು. ಪುಸ್ತಕದ ಭಾಷೆಯಲ್ಲಲ್ಲ. "ಈಗ ಯಾರಾದ್ರೂ ನಗ್ತಾ ಅದಾರೇನೋ?"

"ಇಲ್ಲಣ್ಣ" ಎಂದರು ಮಾವ. ಅಣ್ಣನ ಮೊಣಕಾಲು ಹಿಡಿದುಕೊಂಡು, "ಅವತ್ತೂ ನಗಲಿಲ್ಲಣ್ಣ. ಎಲ್ರೂ ಅತ್ತಿದ್ರು. ಆ ಪಾರ್ಟು ನನಗೆ ಬೇಕಾಗಿತ್ತು" ಎಂದರು.

ಮೇಲಿನ ಮೈಕು ಅಷ್ಟನ್ನೂ ಊರಿಗೆ ಹೇಳಿತು. ದೊಡ್ಡ ಮಾವ ಕಣ್ಣು ಒರೆಸಿಕೊಳ್ಳುವುದನ್ನೂ ಬಿಟ್ಟು ತಮ್ಮನನ್ನು ನೋಡಿದರು. "ಥೂ ನಿನ್ನ! ಇದನ್ನ ಹೇಳಾಕೆ ಇಷ್ಟು ವರ್ಷ ಬೇಕಾತೇನೋ? ಕೇಳಿದ್ರೆ ಕೊಡ್ತಿರಲಿಲ್ವೇನೋ ನಾನು?" ಎಂದವರೇ ಅವರನ್ನು ಎಳೆದು ಅಪ್ಪಿಕೊಂಡರು. ಇಬ್ಬರ ಮುಖದ ಬಣ್ಣವೂ ಇಬ್ಬರ ಅಂಗಿಗೂ ಮೆತ್ತಿಕೊಂಡಿತು. ಹೆಂಡತಿ ನನ್ನ ತೋಳು ಹಿಡಿದು ಅಳುತ್ತಿದ್ದಳು. ಕ್ಯಾಮೆರಾ ಅಲುಗಾಡಿತು, ಫೋಕಸ್ ಹೋಯಿತು. ನಾನು ಸರಿಮಾಡಲಿಲ್ಲ.

ನಾಟಕದಲ್ಲಿ ಒಂದು ಪದ್ಧತಿ ಇದೆ. ಸೀನು ಮನಸ್ಸಿಗೆ ಹಿಡಿಸಿದರೆ ಜನ ಕೂಗುತ್ತಾರೆ, ಪಾರ್ಟುದಾರರು ಅದನ್ನೇ ಮತ್ತೊಮ್ಮೆ ಮಾಡಿ ತೋರಿಸಬೇಕು. ಮೊದಲು ಹೆಂಗಸರ ಕಡೆಯಿಂದ ಒಂದು ದನಿ ಬಂತು. ಆಮೇಲೆ ಇಡೀ ಬಯಲೇ ಎದ್ದು ನಿಂತು "ಒನ್ಸ್ ಮೋರ್! ಒನ್ಸ್ ಮೋರ್!" ಎಂದು ಸಿಳ್ಳೆ ಹೊಡೆಯಿತು. ಪರದೆ ಹಿಂದಿನವನು ಪುಸ್ತಕದ ಹಾಳೆ ಹಿಂದಕ್ಕೆ ತಿರುವಿದ. ಮಾಸ್ತರು ಕಣ್ಣೊರೆಸಿಕೊಂಡು ಹಾರ್ಮೋನಿಯಂಗೆ ಕೈಹಾಕಿದರು.

ದೊಡ್ಡ ಮಾವ ತಮ್ಮನ ಹೆಗಲ ಮೇಲಿನ ಕೈ ತೆಗೆಯದೆ ಮೈಕಿನ ಹತ್ತಿರ ಬಂದರು. "ಒನ್ಸ್ ಮೋರ್ ಅಂದ್ರೆ ಮತ್ತೆ ಜಗಳದಿಂದ ಸುರು ಮಾಡಬೇಕಾಗ್ತೈತ್ರಪ್ಪೋ. ನಮಗೆ ಅಷ್ಟು ಆಯಸ್ಸು ಉಳಿದಿಲ್ಲ. ಎಲ್ರೂ ಸುಮ್ನೆ ಮನೆಗೆ ಹೋಗ್ರಿ."