‘ಬಿಡಿ’ ಎಂದು ಬರೆದ ಚೀಟಿ

ಎಡವಟ್ಟಿಗೆಲ್ಲ ಕಾರಣ ಗಡಿಯಾರ ರಿಪೇರಿಯವರ ಅತಿಯಾದ ಮರ್ಯಾದೆ. ಹನ್ನೊಂದು ವರ್ಷ ಶೆಡ್ಡಿನಲ್ಲಿ ಬೆವರು ಸುರಿಸಿ ಅವರು ಕೈಯಾರೆ ಒಂದು ಪುಟ್ಟ ವಿಮಾನ ಕಟ್ಟಿದ್ದರು. ಇವತ್ತು ನಾಲ್ಕು ಗಂಟೆಗೆ ವಿಮಾನಯಾನ ಇಲಾಖೆಯ ಇನ್ಸ್‌ಪೆಕ್ಟರು ಬಂದು ಸಹಿ ಹಾಕಿದರೆ ಭಾನುವಾರ ಹಾರಾಟ. ಹಾಕದಿದ್ದರೆ ಜನ್ಮದಲ್ಲಿ ಹಾರಾಟವಿಲ್ಲ. ಅವರ ಪೈಲಟ್ ಲೈಸೆನ್ಸು ಈ ತಿಂಗಳಿಗೆ ಮುಗಿಯುತ್ತದೆ, ಕಣ್ಣಿನ ಡಾಕ್ಟರು ಇನ್ನೊಮ್ಮೆ ಪಾಸು ಮಾಡುವುದಿಲ್ಲವೆಂದು ಕೈತೊಳೆದುಕೊಂಡಿದ್ದರು.

ರೆಕ್ಕೆ ಮತ್ತು ಬಾಲದಲ್ಲಿ, ವಿಮಾನವನ್ನು ತಿರುಗಿಸಲು ಅತ್ತಿತ್ತ ಆಡುವ ಪಟ್ಟಿಗಳನ್ನು ಹಿಡಿದಿಡುವ ಬೋಲ್ಟು ಇಪ್ಪತ್ನಾಲ್ಕು. ನಟ್ಟು ಕಳಚದಂತೆ ಒಂದೊಂದಕ್ಕೂ ಒಂದು ಪಿನ್ನು. ಬೆಳಿಗ್ಗೆಯಿಂದ ಭೂತಗನ್ನಡಿ ಹಿಡಿದು ಪರೀಕ್ಷಿಸಿ, ಸರಿಯಿದ್ದ ಬೋಲ್ಟಿಗೆಲ್ಲ ಚೀಟಿ ಕಟ್ಟಿದರು. ‘ಮುಟ್ಟಬೇಡಿ’ ಎಂದು ಬರೆದರೆ, ಎಲ್ಲವನ್ನೂ ಎಳೆದು ನೋಡುವ ಪಕ್ಕದ ಮನೆ ಮೇಷ್ಟ್ರು ಮುಖ ಊದಿಸಿಕೊಳ್ಳುತ್ತಾರೆ. ಅದಕ್ಕೇ ನಯವಾಗಿ ‘ಬಿಡಿ’ ಎಂದಷ್ಟೇ ಬರೆದು ಊಟಕ್ಕೆ ಹೋದರು.

ಬಂದು ನೋಡಿದರೆ ಪಟ್ಟಿಗಳೆಲ್ಲ ನೆಲದ ಮೇಲೆ! ಹೆಂಡತಿಯ ತಮ್ಮ ಹೆಮ್ಮೆಯಿಂದ ಕೈ ಒರೆಸಿಕೊಳ್ಳುತ್ತಿದ್ದ.

“ಭಾವ, ಎಲ್ಲಾ ಬಿಚ್ಚಿ ಡಬ್ಬಿಗೆ ಹಾಕಿದೀನಿ.”

“ಯಾಕೋ ಮಾರಾಯಾ?”

“ನೀವೇ ಬರ್ದಿದೀರಲ್ಲ, ಬಿಡಿ ಅಂತ. ಬಿಡಿ ಭಾಗ ಅಂದ್ಮೇಲೆ ಬಿಡಿಬಿಡಿಯಾಗಿ ಇರ್ಬೇಡ್ವಾ?”

“ವ್ಯಾಕರಣದ ಪ್ರಕಾರ ಅದೂ ಸರೀನೇ,” ಎಂದರು ಮೇಷ್ಟ್ರು ಬಾಗಿಲಲ್ಲಿ ನಿಂತು.

ರಿಪೇರಿಯವರಿಗೆ ಅಳು ಬಂತು, ಅಳುವುದಕ್ಕೆ ಸಮಯವಿರಲಿಲ್ಲ. ಒಮ್ಮೆ ಕಿತ್ತ ಪಿನ್ನು ಮತ್ತೆ ಹಾಕುವ ಹಾಗಿಲ್ಲ. ಡ್ರಾಯರಿನಲ್ಲಿ ಹೊಸವು ಸರಿಯಾಗಿ ಇಪ್ಪತ್ನಾಲ್ಕಿದ್ದವು. ಮೂವರೂ ಬಿದ್ದು ಎದ್ದು ಜೋಡಿಸಿದರು. ಮೇಷ್ಟ್ರು ಟಾರ್ಚನ್ನು ನಟ್ಟಿಗೆ ಹಿಡಿಯುವುದು ಬಿಟ್ಟು ರಿಪೇರಿಯವರ ಕಣ್ಣಿಗೇ ಹಿಡಿದರು. ಭಾವಮೈದುನ ಎಡಗಡೆಯ ಪಟ್ಟಿಯನ್ನು ಬಲಕ್ಕೆ ಕೂರಿಸಿ ಭೇಷ್ ಎನಿಸಿಕೊಳ್ಳಲು ಕಾದು ನಿಂತ. ಅದನ್ನೂ ಸರಿಪಡಿಸಿ, ಅಂತೂ ಕೊನೆಯ ಪಿನ್ನು ಬಗ್ಗಿಸುವಾಗ ನಾಲ್ಕಕ್ಕೆ ಎರಡೇ ನಿಮಿಷ.

ಇನ್ಸ್‌ಪೆಕ್ಟರು ಬಂದವರೇ ಹುಬ್ಬು ಗಂಟಿಕ್ಕಿದರು. “ಇದೇನ್ರೀ, ಜೋಡಿಸ್ಬಿಟ್ಟಿದೀರಾ?”

“ಹಿಂದಿನ ಸಾಹೇಬ್ರು ಜೋಡ್ಸಿದ್ದನ್ನೇ ನೋಡ್ತಿದ್ರು ಸಾರ್.”

“ಅವ್ರು ಹೋದ ವಾರ ರಿಟೈರ್ ಆದ್ರು. ನಾನು ಬೋಲ್ಟನ್ನ ಕೈಲಿ ಹಿಡಿದು ನೋಡ್ದೆ ಸಹಿ ಹಾಕಲ್ಲ. ಬಿಚ್ಚಿ. ನೋಡಿದ್ಮೇಲೆ ನನ್ನೆದುರಿಗೇ ಹೊಸ ಪಿನ್ನು ಹಾಕಿ.”

“ಹೊಸ ಪಿನ್ನು ತರ್ಸೋಕೆ ಒಂದು ತಿಂಗ್ಳು ಬೇಕು ಸಾರ್.”

“ಹಾಗಾದ್ರೆ ಒಂದು ತಿಂಗ್ಳು ಬಿಟ್ಟು ಬರ್ತೀನಿ.” ಇನ್ಸ್‌ಪೆಕ್ಟರು ಪೆನ್ನಿನ ಮುಚ್ಚಳ ಹಾಕಿದರು. “ಎರಡು ಗಂಟೆಗೆ ಈ ಕಡೆಯಿಂದ್ಲೇ ಹೋದೆ. ಎಲ್ಲಾ ಬಿಚ್ಚಿ, ಬೋಲ್ಟೆಲ್ಲ ಡಬ್ಬೀಲಿಟ್ಟಿದ್ರಿ. ಎಂಥಾ ಶಿಸ್ತು ಅಂದ್ಕೊಂಡೆ. ಆಗ್ಲೇ ಒಳಗೆ ಬಂದು ಸಹಿ ಹಾಕ್ಬಿಡ್ತಿದ್ದೆ. ಏನ್ಮಾಡ್ಲಿ, ಕೊಟ್ಟ ಟೈಮಿಗಿಂತ ಮುಂಚೆ ಬರೋದು ರೂಲ್ಸಲ್ಲಿಲ್ಲ.”

ಅವರು ಹೋದ ಮೇಲೆ ರಿಪೇರಿಯವರು ವಿಮಾನದೊಳಗೆ ಕೂತು ಚಾಲಕನ ಕೋಲನ್ನು ಅಲ್ಲಾಡಿಸಿದರು. ಪಟ್ಟಿಗಳು ಹನ್ನೊಂದು ವರ್ಷದಲ್ಲಿ ಎಂದೂ ಇಲ್ಲದಷ್ಟು ನಯವಾಗಿ ಆಡಿದವು. ಆಗ ಅವರು, ಮೇಷ್ಟ್ರ ಮುಂದೆಯೇ, ಗೊಳೋ ಎಂದು ಅತ್ತುಬಿಟ್ಟರು.